ಲುಂಪಿಯಾ ಅಂಗಡಿಯ ಹೊಸ್ತಿಲು

ಇವತ್ತೊಂದು ದಿನ ಯಾರೂ ಅಮ್ಮನ ಸುದ್ದಿ ಎತ್ತದಿದ್ದರೆ ಸಾಕು ಎಂದುಕೊಳ್ಳುತ್ತಲೇ ಲೆಟ್ಟಿ ಬಿನೊಂಡೊ ಚರ್ಚಿನ ಎದುರಿನ ಕಟ್ಟೆಯ ಬಳಿ ಬಂದು ನಿಂತಳು. ಶನಿವಾರ, ಬೆಳಿಗ್ಗೆ ಒಂಬತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಚೌಕದಲ್ಲಿ ಕುದುರೆಗಾಡಿಯವರಿಬ್ಬರು ನೆರಳಿನ ಜಾಗಕ್ಕಾಗಿ ಬೈದಾಡಿಕೊಳ್ಳುತ್ತಿದ್ದರು. ಬಲತೋಳಿಗೆ ಪಿನ್ನು ಹಾಕಿ ಚುಚ್ಚಿಕೊಂಡಿದ್ದ ಕರಿಬಟ್ಟೆಯ ತುಂಡನ್ನು ಅವಳು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಲವತ್ತೊಂಬತ್ತು ದಿನ ಇರಬೇಕಾದದ್ದು, ಇನ್ನೂ ಇಪ್ಪತ್ತೊಂದು ದಿನ ಉಳಿದಿದೆ. ಅಲ್ಲಿಯವರೆಗೆ ಯಾರ ಮನೆಯ ಹೊಸ್ತಿಲನ್ನೂ, ಯಾರ ಅಂಗಡಿಯ ಹೊಸ್ತಿಲನ್ನೂ ದಾಟುವಂತಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಬಾಯಲ್ಲಿ ಹೇಳಿಸಿಕೊಳ್ಳುವ ಹಾಗೆ ನಾವು ಮಾಡಬಾರದು, ಅದೇ ಮರ್ಯಾದೆ. ಐವತ್ತಾರು ವರ್ಷದಿಂದ ಈ ಚೀನೀ ಕೇರಿಯಲ್ಲೇ ಬದುಕಿದವಳಿಗೆ ಅದನ್ನು ಯಾರು ಹೇಳಿಕೊಡಬೇಕು? ಹೊರಗಿನಿಂದ ಬಂದವರನ್ನೆಲ್ಲ ಅಂಗಡಿಯಿಂದ ಅಂಗಡಿಗೆ ನಡೆಸಿಕೊಂಡು ಹೋಗಿ ತಿನ್ನಿಸುವುದೇ ಅವಳ ಕಸುಬು. ಈಗ ಸೂತಕ ಹೊತ್ತುಕೊಂಡು ಅದೇ ಅಂಗಡಿಗಳ ಮುಂದೆ ಬಿಸಿಲಿನಲ್ಲಿ ನಿಲ್ಲಬೇಕು, ಒಳಗೆ ಅವರು ತಿನ್ನುವುದನ್ನು ನೋಡುತ್ತ. ಈ ಚೆಂದಕ್ಕೆ ಯಾಕೆ ಹೋಗುತ್ತೀಯ, ತಿಂಗಳೊಪ್ಪತ್ತು ಮನೆಯಲ್ಲಿರು ಎಂದು ದಾವೊದಲ್ಲಿರುವ ತಮ್ಮ ಫೋನಿನಲ್ಲಿ ಬೈದಿದ್ದ. ಮನೆಯಲ್ಲಿದ್ದರೆ ಶನಿವಾರ ಹತ್ತೂಕಾಲಿಗೆ ಫೋನು ಸುಮ್ಮನಿರುತ್ತದೆ. ಅದು ಸುಮ್ಮನಿರುವುದನ್ನು ಕೇಳಿಸಿಕೊಂಡು ಕೂತಿರುವುದಕ್ಕಿಂತ ಬಿಸಿಲೇ ವಾಸಿ. ಅದನ್ನು ತಮ್ಮನಿಗೆ ಹೇಳಿರಲಿಲ್ಲ.

ಈ ಸಲ ಆರು ಜನ. ಸೆಬುವಿನಿಂದ ಬಂದ ಅಣ್ಣತಮ್ಮ, ಟೋಪಿ ಹಾಕಿದ ಪರದೇಶದ ಗಂಡ ಹೆಂಡತಿ, ಆಮೇಲೆ ರಸ್ತೆಯ ಆಚೆಯಿಂದಲೇ ಕೈ ಬೀಸುತ್ತ ಓಡಿಬಂದ ಒಬ್ಬ ಹುಡುಗಿ, ಅವಳ ಹಿಂದೆ ಏದುಸಿರು ಬಿಡುತ್ತ ಒಬ್ಬ ದಪ್ಪನೆಯ ಹೆಂಗಸು.

"ಲೆಟ್ಟಿ ಆಂಟೀ! ನಾನು ಮಾರಿಸ್! ನೆನಪಿಲ್ವಾ? ಹೋದ ತಿಂಗಳು ಆಫೀಸಿನವರ ಜೊತೆ ಬಂದಿದ್ನಲ್ಲ! ಇವರು ನಮ್ಮಮ್ಮ, ಒಫೇಲಿಯಾ ಅಂತ. ನಿಮ್ಮಮ್ಮನ್ನ ಒಂದ್ಸಲ ನೋಡ್ಲೇಬೇಕು ಅಂತ ಬಟಾಂಗಸ್‌ನಿಂದ ನಸುಕಿಗೇ ಬಸ್ಸು ಹತ್ತಿದಾರೆ."

ನೆನಪಿತ್ತು. ಆ ಶನಿವಾರದ ಒಂದೊಂದು ಮುಖವೂ ನೆನಪಿತ್ತು. ಯಾರು ಎಲ್ಲಿ ನಿಂತಿದ್ದರು, ಯಾರು ಮೊದಲು ನಕ್ಕರು, ಯಾರ ಹಲ್ಲಿನಲ್ಲಿ ಹಸಿರು ಸಿಕ್ಕಿಕೊಂಡಿತ್ತು. ಈ ಹುಡುಗಿ ಎಡಗಡೆ, ಗಾಜಿನ ಪೆಟ್ಟಿಗೆಯ ಪಕ್ಕ, ಫೋನು ಎತ್ತಿ ಹಿಡಿದುಕೊಂಡಿದ್ದಳು. ಎತ್ತಿ ಹಿಡಿದುಕೊಂಡಿದ್ದಳು, ಹೌದಲ್ಲ, ಎಂದು ಲೆಟ್ಟಿಗೆ ಈಗ ಹೊಳೆಯಿತು.

"ಆ ವಿಡಿಯೊ ನಮ್ಮಮ್ಮ ಅದೆಷ್ಟು ಸಲ ನೋಡಿದಾರೋ ಆಂಟಿ. ನಿಮ್ಮ ಫೋನು ಬಡ್ಕೊಳ್ಳತ್ತೆ, ನೀವು ಎತ್ತಿ ತೋರಿಸ್ತೀರಿ, ಊಟ ಆಯ್ತಾ ಅಂತ ಕೇಳೋಕೆ ಅಮ್ಮ ಮಾಡ್ತಿದಾರೆ ಅಂತೀರಿ..."

"ನಾನೂ ಇವಳಿಗೆ ಹಾಗೇ ಮಾಡೋದು," ಎಂದು ಒಫೇಲಿಯಾ ಎರಡು ಕೈಯಲ್ಲೂ ಲೆಟ್ಟಿಯ ಕೈ ಹಿಡಿದುಕೊಂಡಳು. "ಎತ್ತಲ್ಲ ಕಣ್ರೀ ಇವಳು. ನಿಮ್ಮನ್ನ ನೋಡಿ ಸಮಾಧಾನ ಆಯ್ತು, ಎಲ್ಲ ಹೆಣ್ಣುಮಕ್ಕಳೂ ಇಷ್ಟೇ ಅಂತ! ಹೇಗಿದಾರೆ ಅಮ್ಮ?"

"ಇದಾರೆ," ಎಂದಳು ಲೆಟ್ಟಿ. "ಚೆನ್ನಾಗೇ ಇದಾರೆ."

ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದವಳು ತಲೆಯೆತ್ತಿ ನೋಡಿದಳು. ಅಮ್ಮನ ಶವದ ಮುಂದೆ ಮೂರು ಸರ ತಂದಿಟ್ಟು, ದುಡ್ಡು ಬೇಡ ಎಂದವಳು ಅವಳು. ಲೆಟ್ಟಿಯ ತೋಳನ್ನು ನೋಡಿದಳು, ಬಾಯನ್ನು ನೋಡಿದಳು, ಮತ್ತೆ ದಾರಕ್ಕೆ ಗಂಟು ಹಾಕತೊಡಗಿದಳು. ನಾಲಿಗೆಗೆ ಏನಾಗಿತ್ತು? ಸತ್ತುಹೋದರು ಅನ್ನಬಹುದಿತ್ತು. ಅಂದಿದ್ದರೆ ಅಯ್ಯೋ ಯಾವಾಗ ಅನ್ನುತ್ತಿದ್ದರು. ಯಾವಾಗ ಎಂದರೆ ಹೇಳಬೇಕು. ಹೇಳಿದರೆ ಈ ಹುಡುಗಿ ಬೆರಳು ಮಡಚಿ ಎಣಿಸುತ್ತಾಳೆ, ಆಮೇಲೆ ತನ್ನ ಫೋನು ನೋಡಿಕೊಳ್ಳುತ್ತಾಳೆ. ಲೆಟ್ಟಿ ತನ್ನ ಪುಟ್ಟ ಬಾವುಟ ಎತ್ತಿ ಹಿಡಿದು, ನಡೀರಿ, ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀರಿ ತಾನೆ, ಎಂದು ಎಂದಿನ ದನಿಯಲ್ಲಿ ಕೂಗಿದಳು. ದನಿಗೆ ಏನೂ ಆಗಿರಲಿಲ್ಲ.

ಮೊದಲನೆಯದು ಬೋಂಗನ ಡಂಪ್ಲಿಂಗ್ ಅಂಗಡಿ. ಆರೂ ಜನರನ್ನು ಒಳಗೆ ಕಳಿಸಿ ಅವಳು ಹೊರಗೆ ಒಂದು ಮಾರು ದೂರ ನಿಂತಳು. ಅಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ, ಹಿಟ್ಟಿನ ಮಡಿಕೆ ಎಷ್ಟಿದೆ ಎಣಿಸಿ, ಮೊದಲು ಒಂದು ಕಡೆ ಕಚ್ಚಿ ಸಾರು ಹೀರಿ, ಮೈಮೇಲೆ ಚೆಲ್ಲಿಕೊಂಡರೆ ನನ್ನನ್ನು ಕೇಳಬೇಡಿ, ಎಂದು ಹೇಳುತ್ತ ಹೋದಳು. ಬೋಂಗ ಮೊದಲಾಗಿದ್ದರೆ ಅವಳ ಬೆನ್ನಿಗೊಂದು ಗುದ್ದಿ ಲೆಟ್ಟಿ ಅಕ್ಕಾ, ಇವತ್ತು ಯಾರ ಜೇಬು ಖಾಲಿ ಮಾಡಿಸ್ತೀಯ ಅನ್ನುತ್ತಿದ್ದ. ಈಗ ತಟ್ಟೆಗಳ ಮೇಲೆಯೇ ಕಣ್ಣು. ಸೆಬುವಿನ ತಮ್ಮ ಬಾಗಿಲಿಗೆ ಬಂದು, "ನೀವ್ಯಾಕೆ ಅಲ್ಲೇ ನಿಂತ್ರಿ? ಬನ್ನಿ ಒಳಗೆ," ಅಂದ. "ಜಾಗ ಸಾಲದು ಕಣಪ್ಪಾ, ನೀವು ತಿನ್ನಿ," ಅಂದಳು. ಒಳಗೆ ಎರಡು ಮೇಜು ಖಾಲಿಯಿದ್ದವು. ಅವನು ಆ ಎರಡು ಮೇಜನ್ನೂ ನೋಡಿ, ಅವಳನ್ನೂ ನೋಡಿ, ಈ ಹೆಂಗಸಿಗೆ ಏನೋ ಆಗಿದೆ ಅನ್ನುವ ಹಾಗೆ ಒಳಗೆ ಹೋದ. ಎಲ್ಲರೂ ಹೊರಟ ಮೇಲೆ ಅವಳು ತಿರುಗಿ ನೋಡಬಾರದೆಂದುಕೊಂಡೇ ತಿರುಗಿ ನೋಡಿದಳು. ಬೋಂಗ ಒಂದು ಚೊಂಬು ನೀರು ತಂದು ಅವಳು ನಿಂತಿದ್ದ ಜಾಗದ ಮೇಲೆ ಸುರಿಯುತ್ತಿದ್ದ. ಸಿಟ್ಟೇನೂ ಇರಲಿಲ್ಲ ಅವನ ಮುಖದಲ್ಲಿ. ಅವನು ಸಣ್ಣವನಿದ್ದಾಗ ಅವಳೇ ಅವನಿಗೆ ಗಣಿತ ಹೇಳಿಕೊಟ್ಟಿದ್ದಳು.

ಓಣಿಯಲ್ಲಿ ನಡೆಯುವಾಗ ಒಫೇಲಿಯಾ ಪಕ್ಕಕ್ಕೆ ಬಂದು ಸೇರಿಕೊಂಡಳು. ಚಿನ್ನದ ಅಂಗಡಿಗಳ ದೀಪ, ಗೋಡೆಯ ಶಿಲುಬೆಯ ಮುಂದೆ ಸುತ್ತಿ ಸುತ್ತಿ ಏಳುತ್ತಿದ್ದ ಊದುಬತ್ತಿಯ ಹೊಗೆ, ಕಾಲುವೆಯ ಕೊಳೆತ ವಾಸನೆ, ಯಾವುದೂ ಆಕೆಗೆ ಬೇಕಿರಲಿಲ್ಲ. ಅಮ್ಮನಿಗೆ ಎಷ್ಟು ವಯಸ್ಸು, ಮಂಡಿನೋವು ಇದೆಯೇ, ನಿದ್ದೆ ಬರುತ್ತದೆಯೇ. ಎಂಬತ್ತೊಂದು, ಇದೆ, ಬರುತ್ತದೆ. ಹೌದು, ಈಗ ಚೆನ್ನಾಗಿ ನಿದ್ದೆ ಬರುತ್ತದೆ, ಎಂದು ಹೇಳಿ ಲೆಟ್ಟಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. "ಒಂದು ಸಲ ಫೋನ್ ಹಚ್ಚಿ ಕೊಡ್ತೀರಾ? ದನಿ ಕೇಳಿದ್ರೆ ಸಾಕು ನಂಗೆ." "ಈಗ ಮಲಗಿರ್ತಾರೆ." "ಹತ್ತು ಗಂಟೆಗೆ?" "ವಯಸ್ಸಾಯ್ತಲ್ಲ." ಅಷ್ಟರಲ್ಲಿ ಹೋಪಿಯಾ ಎಂಬ ಸಿಹಿ ತಿಂಡಿ ಮಾಡುವ ಬೇಕರಿ ಬಂತು, ಹುರಿದ ಹೆಸರುಬೇಳೆಯ ಸಿಹಿ ವಾಸನೆ ಬಂತು, ಅದೇ ಗಾಜಿನ ಪೆಟ್ಟಿಗೆ ಬಂತು.

ಇಲ್ಲೇ. ಅವತ್ತು ಅವಳಿಗೆ ಹೊಸ್ತಿಲಿನ ಹಂಗಿರಲಿಲ್ಲ, ಒಳಗೆ ನಟ್ಟನಡುವೆ ನಿಂತಿದ್ದಳು. ಹನ್ನೆರಡು ಜನ ಆಫೀಸಿನವರು, ಹುಡುಗು ಬುದ್ಧಿಯವರು, ಏನು ಹೇಳಿದರೂ ಆಕಳಿಸುತ್ತಿದ್ದರು. ಹತ್ತೂಕಾಲಿಗೆ ಫೋನು ಬಡಿದುಕೊಂಡಿತು. ಅಮ್ಮ ಎಂದು ಕಂಡಿತು. ದಿನಕ್ಕೆ ಐದು ಸಲ ಮಾಡುವವಳು, ಎತ್ತಿದರೆ ಊಟ ಆಯ್ತಾ, ಇಟ್ಟರೆ ಮತ್ತೆ ಊಟ ಆಯ್ತಾ. ಈ ಕರೆ ಬಂದಾಗ ಅವಳು ಹೇಳುವ ತಮಾಷೆಯೊಂದು ಎಷ್ಟೋ ವರ್ಷದಿಂದ ಸಿದ್ಧವಾಗಿಯೇ ಇತ್ತು. ಬರದಿದ್ದ ದಿನ ಅವಳಿಗೆ ಬೇಸರವೇ ಆಗುತ್ತಿತ್ತು. ಫೋನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ, ನೋಡಿ, ನಮ್ಮಮ್ಮ, ಬೆಳಿಗ್ಗೆಯಿಂದ ನಿಮಗೆಲ್ಲ ತಿನ್ನಿಸ್ತಾ ಇದೀನಿ, ನಾನು ತಿಂದೆನಾ ಅಂತ ಇವರಿಗೆ ಚಿಂತೆ, ಅಂದಳು. ನಕ್ಕರು. ಒತ್ತಿ ಸುಮ್ಮನಾಗಿಸಿದಳು. ಎರಡು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಬಂತು ನೋಡಿ ಎಂದು ಮತ್ತೆ ಎತ್ತಿ ಹಿಡಿದಳು, ಈ ಸಲ ನಗು ಇನ್ನೂ ಜೋರಾಯಿತು, ಆ ಜೋರಿಗೆ ಮೈಮರೆತು, ಇವರು ಸತ್ತ ಮೇಲೂ ಫೋನ್ ಮಾಡ್ತಾರೆ ಬೇಕಾದರೆ ಪಂಥ ಕಟ್ಟಿ, ಅಂದಳು. ಆಕಳಿಸುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಅವಳಿಗೆ ಎಷ್ಟು ಖುಷಿಯಾಗಿತ್ತು ಆ ಗಳಿಗೆಯಲ್ಲಿ! ಮೂರನೆಯದು ಅವರೆಲ್ಲ ಹೊರಗೆ ಹೋದ ಮೇಲೆ ಬಂತು. ನಗಿಸಬೇಕಾದವರು ಯಾರೂ ಇರಲಿಲ್ಲ. ಅವಳು ಆ ಹೆಸರನ್ನು ನೋಡುತ್ತ ನಿಂತಳು, ಥೂ ಈ ಮುದುಕಿಯ ಕಾಟ ಎಂದುಕೊಂಡಳು, ಫೋನನ್ನು ಚೀಲದ ಅಡಿಗೆ ತುರುಕಿದಳು. ಅದು ಚೀಲದೊಳಗೇ ಬಹಳ ಹೊತ್ತು ನಡುಗುತ್ತಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ತನ್ನ ಅಂಗಡಿಯಿಂದ ಅಮ್ಮನಿಗೊಂದು ಲುಂಪಿಯಾ, ತರಕಾರಿ ತುಂಬಿದ ಸುರುಳಿ, ಕಟ್ಟಿಕೊಂಡು ಹೋಗುತ್ತಿದ್ದ ಕಿಮ್ ಆಯಿ ಅವತ್ತು ಸತ್ತದ್ದನ್ನು ಮೊದಲು ನೋಡಿದವಳು. ಅಡಿಗೆಮನೆಯ ಗೋಡೆಗೆ ಒರಗಿ ಕೂತಿದ್ದಳಂತೆ ಅಮ್ಮ, ತೊಡೆಯ ಮೇಲೆ ಫೋನು. ಚಿಕ್ಕಮ್ಮನೆಂದು ಆಯಿ ಅನ್ನುತ್ತಿದ್ದರೂ ಅಮ್ಮನ ಒಡಹುಟ್ಟಿದವಳಲ್ಲ, ಆದರೆ ಅವಳ ಜೊತೆ ಒಂದೇ ಬಟ್ಟಲಲ್ಲಿ ಉಂಡು ಬೆಳೆದವಳು. ಲೆಟ್ಟಿ ಹುಟ್ಟಿದಾಗ ಕೈಯಲ್ಲಿ ಹಿಡಿದವಳು. ಮೂರು ಸಲ ನಿಂಗೇ ಮಾಡಿದಾಳಲ್ಲೇ, ಯಾಕೆ ಎತ್ತಲಿಲ್ಲ, ಎಂದು ಅವಳು ಕೇಳಿದಾಗ ಲೆಟ್ಟಿ ಒಂದು ಉಸಿರಿನಷ್ಟೂ ತಡಮಾಡದೆ, ಚಾರ್ಜು ಹೋಗಿತ್ತು ಆಯಿ, ಬೆಳಿಗ್ಗೆಯಿಂದ ಫೋನು ಸತ್ತಿತ್ತು, ಅಂದಿದ್ದಳು. ಆಯಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, ಹಾಗಾದ್ರೆ ಯಾರ ತಪ್ಪೂ ಅಲ್ಲ ಬಿಡು ಮಗಾ, ಯಾರ ತಪ್ಪೂ ಅಲ್ಲ, ಅಂದಳು. ತಮ್ಮನಿಗೂ ಲೆಟ್ಟಿ ಆ ಚಾರ್ಜಿನ ಮಾತನ್ನೇ ಹೇಳಿದಳು, ಪಾದ್ರಿಗೂ ಅದೇ. ಆಯಿಯ ಆ ಒಂದು ಮಾತಿನ ಮೇಲೆಯೇ ಈ ಇಪ್ಪತ್ತೆಂಟು ದಿನ ಅವಳು ಕಾಲೂರಿ ನಿಂತದ್ದು. ಸುಳ್ಳು ತನ್ನದು, ಗೊತ್ತಿತ್ತು. ಆದರೆ ಸಮಾಧಾನ ನಿಜವಾದದ್ದಾಗಿತ್ತು. ಶವ ಇಟ್ಟಿದ್ದಲ್ಲಿಂದ ಹಿಂದಿರುಗುವವರೆಲ್ಲ ನೇರ ಮನೆಗೆ ಹೋಗದೆ ದಾರಿಯಲ್ಲಿ ಎಲ್ಲಾದರೂ ಕೂತು ನೂಡಲ್ಸು ತಿಂದೋ ಕಾಫಿ ಕುಡಿದೋ ಹೋಗುತ್ತಿದ್ದರು. ಸತ್ತವರು ಬೆನ್ನಹಿಂದೆ ಮನೆಗೆ ಬಾರದಿರಲಿ ಎಂದು. ಲೆಟ್ಟಿ ಆರು ದಿನವೂ ಎಲ್ಲೂ ನಿಲ್ಲದೆ ನೆಟ್ಟಗೆ ಮನೆಗೇ ಹೋದಳು. ಬಾಗಿಲು ತೆರೆದಿಟ್ಟು, ಬಾ ಎಂದಳು. ಬಂದು ಬೈಯಲಿ, ಕತ್ತು ಹಿಸುಕಲಿ, ಊಟ ಆಯ್ತಾ ಎಂದು ಕೇಳಲಿ. ಏನೂ ಬರಲಿಲ್ಲ. ಬರಿ ಸೊಳ್ಳೆ ಬಂದವು.

ಹೋಪಿಯಾ ಪೊಟ್ಟಣಗಳನ್ನು ಹಿಡಿದು ಎಲ್ಲರೂ ಹೊರಗೆ ಬಂದಾಗ ಲೆಟ್ಟಿ ಬಾವುಟವನ್ನು ಬಲಗಡೆಯ ಓಣಿಗೆ ತೋರಿಸಿದಳು. "ಈ ಕಡೆ ಬನ್ನಿ. ಇವತ್ತು ಲುಂಪಿಯಾ ಅಂಗಡಿ ಬಾಗಿಲು ಹಾಕಿದೆ."

"ಬಾಗಿಲು ಹಾಕಿದೆಯಾ!" ಎಂದಳು ಒಫೇಲಿಯಾ. "ಅಯ್ಯೋ, ನಾನು ಬಂದಿದ್ದೇ ಅದಕ್ಕಲ್ವೇ. ನಿಮ್ಮಮ್ಮನ ಗೆಳತಿ ಅಂಗಡಿ ಅಂದಿದ್ಲು ಇವಳು."

"ಏನು ಮಾಡೋದು. ಅವರಿಗೂ ವಯಸ್ಸಾಯ್ತು."

ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಇಡೀ ರಸ್ತೆಗೆ ಕೇಳುವ ಹಾಗೆ ದನಿ ಬಂತು. "ಲೆಟ್ಟೀ! ಏ ಲೆಟ್ಟಿ! ಎತ್ಲಾಗೆ ಹೊಂಟೆ ಜನಾನ ಕಟ್ಕೊಂಡು? ಹಿಟ್ಟು ಕಲಸಿಟ್ಕೊಂಡು ಕೂತಿಲ್ವಾ ನಾನು!" ಬೀದಿಯ ಮೂಲೆಯಲ್ಲಿ ಕಿಮ್ ಆಯಿ, ಸೊಂಟಕ್ಕೆ ಒಂದು ಕೈ, ಇನ್ನೊಂದು ಕೈಯಲ್ಲಿ ಎಲೆಕೋಸು. ಆರೂ ಜನ ಲೆಟ್ಟಿಯ ಮುಖ ನೋಡಿದರು. "ತೆರೆದಿದೆಯಲ್ಲ," ಎಂದ ಸೆಬುವಿನ ಅಣ್ಣ, ಅವಳಿಗೆ ಸಹಾಯ ಮಾಡುವವನ ಹಾಗೆ. ಲೆಟ್ಟಿ ನಕ್ಕಳು. ನಗುವೊಂದು ಯಾವ ಹೊತ್ತಿಗೂ ಕೈಗೆ ಸಿಗುತ್ತಿತ್ತು ಅವಳಿಗೆ.

ದಾರಿಯಲ್ಲಿ ಮಾರಿಸಳ ಮೊಣಕೈ ಹಿಡಿದು ಸ್ವಲ್ಪ ಹಿಂದೆ ನಿಲ್ಲಿಸಿದಳು. ಆ ವಿಡಿಯೊ ಅಳಿಸಿಬಿಡು, ನಿನ್ನ ಕಾಲು ಹಿಡಿಯುತ್ತೇನೆ ಎನ್ನಬೇಕೆಂದಿದ್ದಳು. "ಆಯಿಗೆ ಫೋನು ಗೀನು ಕಂಡ್ರೆ ಆಗಲ್ಲಮ್ಮ. ಒಳಗೆ ತೆಗೀಬೇಡ," ಎಂದಳು.

"ಆಯ್ತು ಆಂಟಿ," ಎಂದಳು ಮಾರಿಸ್. ಅವಳ ಫೋನು ಆಗಲೇ ಕೈಯಲ್ಲಿತ್ತು. ಒಳ್ಳೆಯ ಹುಡುಗಿ. ಇಡೀ ದಿನ ಒಳ್ಳೆಯದನ್ನೇ ಮಾಡುತ್ತಿದ್ದಳು.

ಅಂಗಡಿಯ ಹೊಸ್ತಿಲು ಹಳೆಯ ಕಲ್ಲಿನದು, ನಡುವೆ ಸವೆದು ತಗ್ಗಾಗಿತ್ತು. ಎಳವೆಯಲ್ಲಿ ಲೆಟ್ಟಿ ಅದರ ಮೇಲೆ ಕೂತು ಸಕ್ಕರೆ ಬೆರೆಸಿದ ಕಡಲೆಕಾಯಿ ಪುಡಿ ನೆಕ್ಕುತ್ತಿದ್ದಳು. ಇವಳು ನನ್ನ ವ್ಯಾಪಾರ ಮುಳುಗಿಸ್ತಾಳೆ ಎಂದು ಆಯಿ ಬೈಯುತ್ತಿದ್ದಳು, ಕಡಲೆಪುಡಿ ಹಾಕೋಕೆ ನಿಂಗೆ ಕೈ ಬಂದ್ರೆ ತಾನೇ ಮುಳುಗೋದು ಎಂದು ಅಮ್ಮ ತಿರುಗಿ ಬೈಯುತ್ತಿದ್ದಳು. ಈಗ ಅವಳು ಹೊಸ್ತಿಲಿನಿಂದ ಒಂದು ಹೆಜ್ಜೆ ಈಚೆಗೆ, ಬಿಸಿಲಿನಲ್ಲಿ, ಗಾಜಿನ ಕಿಟಕಿಯ ಪಕ್ಕ. ಒಳಗಿನದೆಲ್ಲ ಕಾಣುತ್ತಿತ್ತು. ಆಯಿ ದೋಸೆಗಿಂತ ತೆಳ್ಳಗಿನ ಹಾಳೆ ಹಾಸಿದಳು, ಬೇಯಿಸಿದ ಕೋಸು, ಕ್ಯಾರೆಟ್ಟು, ಕಡಲಪಾಚಿಯ ಹಸಿರು ಎಳೆ, ಮೇಲೆ ಕಡಲೆಪುಡಿ, ಬಟ್ಟೆ ಮಡಚುವ ಹಾಗೆ ಎರಡು ಕಡೆ ಒಳಗೆ ಮಡಚಿ ಸುರುಳಿ ಸುತ್ತಿದಳು. ಒಂದು, ಎರಡು, ಮೂರು. ಒಫೇಲಿಯಾ ಏನೋ ಹೇಳಿದಳು. ಆಯಿ ಕೈ ನಿಲ್ಲಿಸಿದಳು. ಒಫೇಲಿಯಾ ನಗುನಗುತ್ತ ಮಗಳ ಕಡೆ ಕೈ ತೋರಿಸಿದಳು. ಬೇಡ, ಎಂದಳು ಲೆಟ್ಟಿ, ಗಟ್ಟಿಯಾಗಿಯೇ. ಯಾರೂ ತಿರುಗಿ ನೋಡಲಿಲ್ಲ. ಎರಡು ಹೆಜ್ಜೆ ಇಟ್ಟರೆ ಆ ಫೋನು ಕಿತ್ತುಕೊಳ್ಳಬಹುದಿತ್ತು. ಮುಗ್ಗರಿಸಿದವಳ ಹಾಗೆ ಬಿದ್ದು ಅದನ್ನು ಒಡೆಯಬಹುದಿತ್ತು. ಒಂದು ಕಾಲು ಎತ್ತಿದಳು ಕೂಡ. ಸೂತಕದ ಕಾಲು ಆಯಿಯ ಅಂಗಡಿಯೊಳಗೆ ಇಡುವುದೆಂದರೆ, ಆ ಮುದುಕಿ ಜೀವಮಾನವೆಲ್ಲ ಕಾಪಾಡಿಕೊಂಡ ಒಲೆಗೆ ಉಗುಳಿದಂತೆ. ಅಮ್ಮ ಕೇಳಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಅಮ್ಮ ಸಾಯುವಾಗ ಫೋನು ಎತ್ತದವಳು ಶಾಸ್ತ್ರಕ್ಕೆ ಹೆದರಿ ಎತ್ತಿದ ಕಾಲನ್ನು ಕೆಳಗಿಟ್ಟಳು.

ಆಯಿ ಕೈ ಒರೆಸಿಕೊಂಡು, ಕೊರಳಿನ ದಾರದಲ್ಲಿದ್ದ ಕನ್ನಡಕವನ್ನು ಮೂಗಿಗೇರಿಸಿದಳು. ಮಾರಿಸ್ ಫೋನನ್ನು ಅವಳ ಮುಖದ ಹತ್ತಿರ ಹಿಡಿದಳು. ಲೆಟ್ಟಿಗೆ ತನ್ನ ದನಿ ಕೇಳಿಸಿತು, ಸಣ್ಣದಾಗಿ, ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ನೋಡಿ, ನಮ್ಮಮ್ಮ. ಆಮೇಲೆ ಆ ರಿಂಗು. ಆಮೇಲೆ ಹನ್ನೆರಡು ಜನರ ನಗು. ಒಳಗಿದ್ದ ಆರು ಜನರೂ ನಕ್ಕರು. ಸೆಬುವಿನ ತಮ್ಮ ಕಿಟಕಿಯಿಂದ ಅವಳ ಕಡೆ ಹೆಬ್ಬೆರಳೆತ್ತಿ ತೋರಿಸಿದ. ಮತ್ತೆ ಬಂತು ನೋಡಿ. ಇವರು ಸತ್ತ ಮೇಲೂ. ಆಯಿ ನಗಲಿಲ್ಲ, ಅಳಲೂ ಇಲ್ಲ, ಇನ್ನೊಂದು ಸಲ ಹಾಕು ಎನ್ನುವಂತೆ ಬೆರಳಾಡಿಸಿದಳು. ಎರಡನೆಯ ಸಲ ನೋಡಿದ ಮೇಲೆ ಮಾರಿಸಳನ್ನು ಏನೋ ಕೇಳಿದಳು. ಹುಡುಗಿ ಯೋಚಿಸಿ, ನಾಲ್ಕು ಬೆರಳು ಎತ್ತಿದಳು. ನಾಲ್ಕು ವಾರ.

ಆಯಿ ಕನ್ನಡಕ ತೆಗೆದು ಮಡಚಿ, ಬಾಗಿಲಿಗೆ ಬಂದಳು. ಹೊಸ್ತಿಲಿನ ಆಚೆ ಅವಳು, ಈಚೆ ಲೆಟ್ಟಿ. ಇಬ್ಬರ ನಡುವೆ ಒಂದು ಮೊಳವೂ ಇರಲಿಲ್ಲ. ಆಯಿಯ ಕೈಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು.

"ಚಾರ್ಜು ಇರಲಿಲ್ಲ ಅಂದೆ."

ಲೆಟ್ಟಿ ಹೊಸ್ತಿಲಿನ ಕಲ್ಲನ್ನು ನೋಡಿದಳು.

"ಮೂರು ಸಲ ಮಾಡಿದ್ಲು ಅವಳು. ಇದರಲ್ಲಿ ಎರಡು ಇದೆ. ಇನ್ನೊಂದು?"

"ನೋಡಿದೆ, ಆಯಿ."

"ನೋಡಿದೆ."

"ಊಟ ಆಯ್ತಾ ಅಂತ ಕೇಳೋಕೆ ಅನ್ಕೊಂಡೆ. ಯಾವಾಗ್ಲೂ ಹಾಗೇ ಅಲ್ವಾ ಅವಳು. ಅದಕ್ಕೇ ಅನ್ಕೊಂಡೆ ಆಯಿ, ದೇವರಾಣೆಗೂ." ಹೇಳುತ್ತಿರುವಾಗಲೇ ತನ್ನ ದನಿಯಲ್ಲಿ ಬೇಡುವ ರಾಗ ಸೇರಿಕೊಂಡದ್ದು ಅವಳಿಗೇ ಕೇಳಿಸಿತು. ಬೈಯಲಿ ಎಂದು ಕಾದಳು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ ಕೂದಲು ಹಿಡಿದು ಜಗ್ಗಲಿ, ಮುಖಕ್ಕೆ ನೀರು ಎರಚಲಿ, ಇನ್ನು ಈ ಕಡೆ ಹಾಯಬೇಡ ಅನ್ನಲಿ. ಅಷ್ಟಾದರೂ ಸಿಕ್ಕೀತೆಂದು ಅವಳು ತಲೆಯನ್ನು ಸ್ವಲ್ಪ ಬಗ್ಗಿಸಿಯೂ ನಿಂತಳು.

ಆಯಿ ಕೈ ಚಾಚಿದಳು. ಲೆಟ್ಟಿಯ ತೋಳಿನ ಪಿನ್ನನ್ನು ಎರಡು ಬೆರಳಿನಿಂದ, ಮೈಗೆ ಚುಚ್ಚದ ಹಾಗೆ ನಿಧಾನವಾಗಿ ಬಿಚ್ಚಿದಳು. ಕರಿಬಟ್ಟೆಯ ತುಂಡನ್ನು ಪಿನ್ನಿನ ಸಮೇತ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು.

"ಸೂತಕ ಮಗಳಿಗೆ," ಎಂದಳು. ದನಿ ಏರಿರಲಿಲ್ಲ. "ನಿಂಗ್ಯಾವ ಸೂತಕ? ಬಾ ಒಳಗೆ. ಬಿಸಿಲಲ್ಲಿ ಯಾಕೆ ನಿಂತಿದೀಯ."

"ಆಯಿ, ಬೇಡ—"

"ಬಾ. ಎಲ್ಲರೂ ಬರ್ತಾರೆ ನನ್ನ ಅಂಗಡಿಗೆ. ನೀನೂ ಬಾ."

ಅಷ್ಟು ಹೇಳಿ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಗಿರಾಕಿಗೆ ಬಿಡುವ ಹಾಗೆ. ಲೆಟ್ಟಿಯ ತೋಳು ಹಗುರವಾಗಿ, ಅಲ್ಲಿ ಗಾಳಿ ತಾಗಿದಂತಾಯಿತು. ಅವಳು ಸವೆದ ಕಲ್ಲಿನ ಮೇಲೆ ಕಾಲಿಟ್ಟಳು. ಇಪ್ಪತ್ತೊಂದು ದಿನ ಬಾಕಿ ಇತ್ತು, ಮುಗಿಯಿತು. ಯಾರೂ ನೀರು ಸುರಿಯಲಿಲ್ಲ.

"ಅಂತೂ ಬಂದ್ರಲ್ಲ!" ಎಂದು ಸೆಬುವಿನ ತಮ್ಮ ಚಪ್ಪಾಳೆ ತಟ್ಟಿದ. ಒಫೇಲಿಯಾ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೊಳ್ಳಿ ಕೂತ್ಕೊಳ್ಳಿ, ಬೆಳಿಗ್ಗೆಯಿಂದ ನಮ್ಮನ್ನೇ ನೋಡ್ತಾ ನಿಂತಿದೀರಿ, ಹೊಟ್ಟೆಗೇನೂ ಬಿದ್ದಿಲ್ಲ. ನಿಮ್ಮಮ್ಮ ಫೋನ್ ಮಾಡೋದ್ರಲ್ಲಿ ತಪ್ಪೇನಿದೆ ಹೇಳಿ!" ಆಯಿ ಒಂದು ಹಾಳೆ ಹಾಸಿದಳು, ತುಂಬಿದಳು, ಸುತ್ತಿದಳು, ತಟ್ಟೆಯನ್ನು ಲೆಟ್ಟಿಯ ಮುಂದಿಟ್ಟಳು, ಬೇರೆ ಆರು ಜನರಿಗೆ ಇಟ್ಟ ಹಾಗೆಯೇ. ಕಡಲೆಪುಡಿ ಎಷ್ಟಿರಬೇಕೋ ಅಷ್ಟೇ ಇತ್ತು. ನುಂಗಲಾಗುವುದಿಲ್ಲ, ಎಲ್ಲರೆದುರು ಅತ್ತುಬಿಡುತ್ತೇನೆ ಎಂದು ಲೆಟ್ಟಿಗೆ ಎನಿಸಿತು. ಎತ್ತಿಕೊಂಡು ಕಚ್ಚಿದಳು. ಬೆಚ್ಚಗಿತ್ತು. ಕೋಸು ಹದವಾಗಿ ಬೆಂದಿತ್ತು, ಬೆಳ್ಳುಳ್ಳಿ ಮುಂದಕ್ಕೆ ಬಂದು ಸಕ್ಕರೆ ಹಿಂದೆ ಬಂತು. ಅವಳಿಗೆ ಹಸಿವಾಗಿತ್ತು. ಎಷ್ಟೋ ದಿನದ ಹಸಿವು ಒಮ್ಮೆಲೇ ಎದ್ದು ಬಂದಂತೆ ಅವಳು ಕೈಯನ್ನು ಬಾಯಿಂದ ತೆಗೆಯದೆ ತಿಂದಳು, ಬೆರಳಿಗೆ ಅಂಟಿದ ಪುಡಿಯನ್ನೂ ನೆಕ್ಕಿದಳು. ಆಯಿ ಅವಳನ್ನೇ ನೋಡುತ್ತಿದ್ದಳು.

"ಇನ್ನೊಂದು ಕೊಡ್ಲಾ?" ಎಂದಳು.

ಲೆಟ್ಟಿ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.